ಓದು, ಓದಿಸು

"ಹುಡುಗ ಏನು ಓದಿದ್ದಾನೆ?" ಎಂದು ಹೆಣ್ಣಿನ ಕಡೆಯವರು ಕೇಳಿದರೆ ಯಾರೂ 'ಮಲೆಗಳಲ್ಲಿ ಮದುಮಗಳು' ಎನ್ನುವುದಿಲ್ಲ. ಬಿ.ಇ., ಬಿ.ಕಾಂ. ಎನ್ನುತ್ತಾರೆ. ಶಿವಮೊಗ್ಗದ ಮನೆಗಳಲ್ಲಿ ಸಂಜೆ ದೀಪ ಹಚ್ಚಿದ ಮೇಲೆ ಕೇಳುವ "ಓದ್ಕೋ ಹೋಗು" ಎಂಬ ಮಾತಿಗೂ ಪಠ್ಯಪುಸ್ತಕ ಹಿಡಿ ಎಂದೇ ಅರ್ಥ. ಕಾದಂಬರಿ ಹಿಡಿದು ಕೂತ ಮಕ್ಕಳಿಗೆ "ಓದೋದು ಬಿಟ್ಟು ಕಥೆ ಪುಸ್ತಕ ಹಿಡ್ಕೊಂಡಿದೀಯಲ್ಲ" ಎಂಬ ಬೈಗುಳ. ಇಷ್ಟು ದೊಡ್ಡ ಮಾತನ್ನು ಪರೀಕ್ಷೆಯೊಂದೇ ಗುತ್ತಿಗೆ ಹಿಡಿದುಬಿಟ್ಟಿದೆ. 2025 ಮುಗಿಯುವ ಹೊತ್ತಿಗೆ ವರ್ಷವಿಡೀ ಓದಿದ್ದನ್ನು ನೆನೆದು ಕೂತಾಗ, ಆ ಮಾತನ್ನು ಬಿಡಿಸಿಕೊಳ್ಳಬೇಕು ಅನ್ನಿಸಿತು.

ಆ ವರ್ಷ ಕೈಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಜನವರಿಯಲ್ಲಿ ಸಾಗರದ ನಾ. ಡಿಸೋಜ ತೀರಿಕೊಂಡರು. ಆ ವಾರವೇ ಅವರ ಕಾದಂಬರಿ 'ಮುಳುಗಡೆ' ತೆಗೆದೆ. ಲೋಕೋಪಯೋಗಿ ಇಲಾಖೆಯ ನೌಕರರಾಗಿ ಶರಾವತಿ ಯೋಜನೆಯ ಕೆಲಸವನ್ನೂ, ಊರು ಬಿಟ್ಟು ಎದ್ದವರನ್ನೂ ಹತ್ತಿರದಿಂದ ಕಂಡವರು ಅವರು. ಪುಸ್ತಕ ಮಡಿಸಿಟ್ಟು ಬೆಳಗಿನ ಪತ್ರಿಕೆ ಬಿಡಿಸಿದರೆ ಅಲ್ಲೂ ಅದೇ ಪದ: 'ಮುಳುಗಡೆ ಸಂತ್ರಸ್ತರು'. ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ 60 ವರ್ಷ ದಾಟಿದರೂ ಭೂಮಿಯ ಹಕ್ಕಿಗಾಗಿ ಅಲೆಯುವವರ ಸುದ್ದಿ. ಕಾದಂಬರಿ ಓದಿದ ಮೇಲೆ ಆ ಸುದ್ದಿಯ ಮೇಲೆ ಕಣ್ಣಾಡಿಸಿ ಬಿಡಲು ಆಗಲಿಲ್ಲ. ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ಊರಿಗೆ ಊರೇ ಅವರ ಕಥೆ ಹುಡುಕಿತು, ನಾನೂ ಹುಡುಕಿದೆ. ನಡುವೆ ಚೆಕಾಫ್, ಎಂ.ಕೆ. ಇಂದಿರಾ ಅವರ 'ಫಣಿಯಮ್ಮ', ಹಕ್ಕಿಗಳ ಮೇಲೊಂದು ಪುಸ್ತಕ. ಸೆಪ್ಟೆಂಬರಿನಲ್ಲಿ ಎಸ್.ಎಲ್. ಭೈರಪ್ಪ ಹೋದರು. ಅವರ 'ಪರ್ವ' ಮತ್ತೆ ಓದಿದೆ. ಆ ಮಹಾಭಾರತದ ಕಥೆ ಮುಗಿದ ಮೇಲೆ ಕುಮಾರವ್ಯಾಸನ ಭಾರತ ಬೇಕೆನ್ನಿಸಿತು.

ಕುಮಾರವ್ಯಾಸ ಮಾತ್ರ ಕಣ್ಣೋಟಕ್ಕೆ ಬಗ್ಗುವವನಲ್ಲ. ಬಾಯಿ ಬಿಡಲೇಬೇಕು. ಶಿವಮೊಗ್ಗಕ್ಕೆ ಹತ್ತಿರದಲ್ಲೇ, ತುಂಗೆಯ ದಡದ ಹೊಸಹಳ್ಳಿಯಲ್ಲಿ ಗಮಕ ಮನೆಮಾತು. ಅಲ್ಲಿನ ಗಮಕಿ ಎಚ್.ಆರ್. ಕೇಶವಮೂರ್ತಿಗಳಿಗೆ 2022ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷದ ಕೊನೆಗೆ ಅವರು ನಮ್ಮನ್ನಗಲಿದರು. ಗಮಕದಲ್ಲಿ ಒಬ್ಬರು ರಾಗವಾಗಿ ವಾಚಿಸುತ್ತಾರೆ, ಇನ್ನೊಬ್ಬರು ಅರ್ಥ ಬಿಡಿಸುತ್ತಾರೆ, ಊರು ಕೇಳುತ್ತದೆ. ಓದು ಎಂಬುದರ ಹಳೆಯ ಬಾಳು ಇದೇ. ತಮಿಳಿನಲ್ಲಿ ಇದೇ ಬೇರಿನ ಪದಕ್ಕೆ ಇಂದಿಗೂ ಪಠಿಸುವುದೆಂಬ ಅರ್ಥವಿದೆ. ಶಿವನ ಗುಡಿಗಳಲ್ಲಿ ತೇವಾರ ಹಾಡುವವರು 'ಓದುವಾರ್'ಗಳು. ಮಳೆ ಕೈಕೊಟ್ಟ ವರ್ಷ ನಮ್ಮ ಹಳ್ಳಿಗಳಲ್ಲಿ ವಿರಾಟಪರ್ವ 'ಓದಿಸುತ್ತಿದ್ದರು'.

ಈ 'ಓದಿಸು' ಮದುವೆ ಚಪ್ಪರಕ್ಕೂ ಬಂತು. ಅಲ್ಲಿ ಮುಯ್ಯಿ ಓದಿಸುತ್ತಾರೆ. ತಟ್ಟೆ, ನೋಟ್‌ಬುಕ್ಕು ಮುಂದಿಟ್ಟುಕೊಂಡ ಹಿರಿಯರೊಬ್ಬರ ಬಳಿ ಹೋಗಿ ಊರು, ಹೆಸರು ಹೇಳಿ ದುಡ್ಡನ್ನೋ ಪಾತ್ರೆಯನ್ನೋ ಕೊಟ್ಟರೆ ಅವರು ಬರೆದುಕೊಂಡು ಚಪ್ಪರಕ್ಕೆಲ್ಲ ಕೇಳುವಂತೆ ಕೂಗಿ ಹೇಳುತ್ತಾರೆ. "ನೀನು ಎಷ್ಟು ಓದಿಸಿದೆ?" ಎಂದರೆ ಎಷ್ಟು ಕೊಟ್ಟೆ ಎಂದೇ ಅರ್ಥ. ಓದುವುದಕ್ಕೂ ಕೊಡುವುದಕ್ಕೂ ಒಂದೇ ಮಾತು ಸಾಕೆಂದುಕೊಂಡ ಈ ಭಾಷೆಯ ಮೇಲೆ ನನಗೆ ಬಹಳ ಪ್ರೀತಿ.

ನಾನೂ ಹಾಗೆ ಓದಿ ಕೊಡಲೆಂದು ಈಗ ತಿಂಗಳಿಗೊಮ್ಮೆ ಭದ್ರಾವತಿ ಬಸ್ಸು ಹತ್ತುತ್ತೇನೆ. ನಮ್ಮ ದೊಡ್ಡಪ್ಪ ಅಲ್ಲಿನ ಮೈಸೂರು ಕಾಗದ ಕಾರ್ಖಾನೆಯಲ್ಲಿ ದುಡಿದವರು. 1936ರಲ್ಲಿ ಹುಟ್ಟಿ, ಪತ್ರಿಕೆಗೂ ಪುಸ್ತಕಕ್ಕೂ ಕಾಗದ ಕೊಟ್ಟ ಕಾರ್ಖಾನೆ. 2015ರಲ್ಲಿ ಅದರ ಯಂತ್ರಗಳು ನಿಂತವು. ದೊಡ್ಡಪ್ಪನಿಗೆ ಈಗ ಕಣ್ಣು ಮಂಜಾಗಿದೆ, ನಾನು 'ಮುಳುಗಡೆ' ಓದಿ ಹೇಳುತ್ತೇನೆ. ಶುರು ಮಾಡುವ ಮೊದಲು ಪುಟವನ್ನು ಹೆಬ್ಬೆರಳು, ತೋರುಬೆರಳ ನಡುವೆ ತಿಕ್ಕಿ ನೋಡುತ್ತಾರೆ. "ಇದು ನಮ್ಮದಲ್ಲ ಕಣಪ್ಪ" ಎನ್ನುತ್ತಾರೆ. ಅರ್ಧ ಅಧ್ಯಾಯಕ್ಕೆ ತಡೆದು, ಶರಾವತಿ ಕಡೆಯಿಂದ ಎದ್ದು ಬಂದು ತಮ್ಮ ಪಾಳಿಯಲ್ಲೇ ದುಡಿದವರೊಬ್ಬರ ಸುದ್ದಿ ತೆಗೆಯುತ್ತಾರೆ. ಅವರ ಮನೆಯ ಬಾಗಿಲುವಾಡ ಕಿತ್ತು ಗಾಡಿಗೆ ಹೇರಿದ್ದು, ಅಡಿಕೆ ತೋಟ ಮುಳುಗುವುದನ್ನು ದಿಬ್ಬದ ಮೇಲೆ ನಿಂತು ನೋಡಿದ್ದು. ಕಾದಂಬರಿ ಮುಂದೆ ಸಾಗುವುದೇ ಇಲ್ಲ. ಸಾಗದಿದ್ದರೂ ನನಗೆ ಅವಸರವಿಲ್ಲ.

ಹೋದ ಸಲ ಬಸ್ಸಿಗೆ ಹೊರಟಾಗ, "ಭೈರಪ್ಪನೋರದ್ದು ಯಾವಾಗ ಓದ್ತೀಯ?" ಎಂದು ಕೇಳಿದರು.