ಬೇಲಿಗೆ ಸಿಕ್ಕದ ಕೋಳಿ: ಕಾಸರಗೋಡಿನ ಹಿತ್ತಿಲು, ಕಾನೂನು ಮತ್ತು ನುಡಿ

ಗಡಿನಾಡಿನ ಕನ್ನಡವನ್ನು ಕುರಿತ ನಮ್ಮ ಅಧ್ಯಯನಗಳು ಬಹುಮಟ್ಟಿಗೆ ಶಾಲೆ, ನ್ಯಾಯಾಲಯ, ಕಂದಾಯ ಕಚೇರಿ ಮತ್ತು ಆಯೋಗದ ವರದಿಗಳ ಸುತ್ತಲೇ ಬೆಳೆದಿವೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದುದು, 1967ರಲ್ಲಿ ಮಹಾಜನ ಆಯೋಗವು ಚಂದ್ರಗಿರಿ ಹೊಳೆಯ ಉತ್ತರ ಭಾಗವನ್ನು ಅಂದಿನ ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದು ಶಿಫಾರಸು ಮಾಡಿದುದು ನಮಗೆ ಕಂಠಪಾಠವಾದ ಸಂಗತಿಗಳು. ಆದರೆ ಗಡಿಗಳು ರಾಜ್ಯಗಳ ನಡುವೆ ಮಾತ್ರ ಇರುವುದಿಲ್ಲ. ತನ್ನ ಮನೆಯ ಅಂಗಳದಿಂದ ಹೊರಟು ನೆರೆಯವರ ಹರಿವೆಯ ಸಾಲನ್ನು ಕೆದಕುವ ಕೋಳಿಯೂ ಒಂದು ಗಡಿಯನ್ನು ದಾಟುತ್ತದೆ. ಆ ಗಡಿಯನ್ನು ಯಾರು ಕಾದರು, ಯಾವ ನಿಯಮದಿಂದ ಕಾದರು, ಯಾವ ಮಾತುಗಳಲ್ಲಿ ಕಾದರು ಎಂಬ ಪ್ರಶ್ನೆಗಳನ್ನು ಪ್ರಸ್ತುತ ಲೇಖನವು ಎತ್ತಿಕೊಳ್ಳುತ್ತದೆ. ಬಿಟ್ಟು ಸಾಕುವ ಕೋಳಿಯನ್ನು ಹಿಡಿತದಲ್ಲಿಡುವ ಹೊಣೆಯನ್ನು ವಸಾಹತುಶಾಹಿ ಕಾನೂನು ತನ್ನ ಲೆಕ್ಕದಿಂದ ಹೊರಗಿಟ್ಟಿತು. ಆದುದರಿಂದ ಆ ಹೊಣೆಯು ಮನೆಯ, ಅದರಲ್ಲಿಯೂ ಹೆಂಗಸರ, ಮತ್ತು ನೆರೆಹೊರೆಯ ರೂಢಿಯ ಪಾಲಾಗಿ ಉಳಿಯಿತು ಎಂಬುದು ಇಲ್ಲಿನ ವಾದ.

ಮೊದಲು ನೆಲೆಯ ಸ್ವರೂಪವನ್ನು ಗಮನಿಸಬೇಕು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಆದವಾನಿ ಮೊದಲಾದ ಬಯಲುಸೀಮೆಯ ಹಳ್ಳಿಗಳಲ್ಲಿ ಮನೆಗಳು ಗೋಡೆಗೆ ಗೋಡೆ ತಾಗಿ ನಿಂತಿರುತ್ತವೆ; ಹೊಲಗಳು ಊರ ಹೊರಗೆ. ಅಲ್ಲಿ ಕೋಳಿಯ ಲೋಕವೆಂದರೆ ಓಣಿ ಮತ್ತು ತಿಪ್ಪೆ. ಕಾಸರಗೋಡಿನಲ್ಲಾದರೋ ಪ್ರತಿಯೊಂದು ಮನೆಯೂ ತನ್ನ ತೆಂಗು, ಅಡಿಕೆ, ಬಾಳೆಗಳ ನಡುವೆ ಬೇರೆಬೇರೆಯಾಗಿ ನಿಂತಿದೆ. ಇಲ್ಲಿ ಮನೆಯ ಬಾಗಿಲಿನಿಂದಲೇ ಬೆಳೆ ಆರಂಭವಾಗುತ್ತದೆ. ಬಯಲುಸೀಮೆಯಲ್ಲಿ ಕೋಳಿಯನ್ನು ನಾಯಿ, ಬೆಕ್ಕು, ಕಳ್ಳರಿಂದ ಕಾಯುವುದು ಮುಖ್ಯವಾದರೆ, ಕರಾವಳಿಯಲ್ಲಿ ಕೋಳಿಯನ್ನು ಕಾಡಿನಿಂದಲೂ ತೋಟವನ್ನು ಕೋಳಿಯಿಂದಲೂ ಏಕಕಾಲದಲ್ಲಿ ಕಾಯಬೇಕಾಗಿತ್ತು.

ಈ ಕಾಯುವಿಕೆಯ ಪರಿಭಾಷೆಯು ರಾಜ್ಯದ ಗಡಿಗಳನ್ನು ಲೆಕ್ಕಿಸದೆ ಹರಡಿದೆ. ಕನ್ನಡದ ಹುಂಜ, ತುಳುವಿನ ಪೂಂಜ, ತೆಲುಗಿನ ಪುಂಜು ಒಂದೇ ಮೂಲದವು. ಕನ್ನಡದ ಹೇಂಟೆಗೆ ತೆಲುಗಿನ ಪೆಟ್ಟ, ತಮಿಳಿನ ಪೆಟ್ಟೈ ಹತ್ತಿರದ ನಂಟು. ಮರಿಗಳ ಮೇಲೆ ಕವುಚಿಡುವ ದೊಡ್ಡ ಬುಟ್ಟಿಗೆ ಹಳೆಯ ಮೈಸೂರಿನವರು ಮಂಕರಿ ಎಂದರೆ ತೆಲುಗರು ಗಂಪ ಎನ್ನುತ್ತಾರೆ, ತಮಿಳರು ಪಂಜಾರಂ ಎನ್ನುತ್ತಾರೆ. ಇರುಳಿನ ಗೂಡಿಗೆ ಮರಾಠಿಯಲ್ಲಿ ಖುರಾಡಾ ಎಂಬ ಹೆಸರಿದೆ. ಕಾಸರಗೋಡಿನ ಒಂದೇ ಕೇರಿಯಲ್ಲಿ ಕನ್ನಡದ ಕೋಳಿಗೂಡು, ತುಳುವಿನ ಕೋರಿದ ಗೂಡು, ಮಲಯಾಳದ ಕೋಳಿಕ್ಕೂಡು ಅಕ್ಕಪಕ್ಕದಲ್ಲಿಯೇ ಇರುತ್ತವೆ. ಹೆಸರು ಮೂರಾದರೂ ವಸ್ತು ಒಂದೇ.

ಆ ವಸ್ತುವಿನ ಹಿಂದಿರುವ ತಿಳಿವಳಿಕೆಯೂ ಒಂದೇ. ಕೋಳಿಯು ಹೊತ್ತು ಮುಳುಗುವಾಗ ತಾನು ಇರುಳು ಕಳೆದ ಜಾಗಕ್ಕೆ ತಾನಾಗಿಯೇ ಮರಳುತ್ತದೆ. ಬಿಟ್ಟು ಸಾಕುವ ಪದ್ಧತಿಯೆಲ್ಲವೂ ನಿಂತಿರುವುದು ಈ ಒಂದು ಗುಣದ ಮೇಲೆ. ಹೊಸದಾಗಿ ತಂದ ಹೇಂಟೆಯನ್ನು ಕೆಲವು ದಿನ ಗೂಡಿನೊಳಗೇ ಇರಿಸಿ, ಅಥವಾ ಕಾಲಿಗೆ ದಾರ ಕಟ್ಟಿ, ಅಲ್ಲಿಯೇ ನೀರು ಮೇವು ಕೊಟ್ಟು, ಅನಂತರ ಸಂಜೆಯ ಹೊತ್ತಿಗೆ ಸ್ವಲ್ಪಸ್ವಲ್ಪವಾಗಿ ಹೊರಬಿಡುವುದು ಆ ಗುಣವನ್ನು ಮನೆಗೆ ಒಗ್ಗಿಸುವ ಉಪಾಯ. ಮಳೆಯೂ ತೇವವೂ ಹೆಚ್ಚಾದ ಈ ನೆಲದಲ್ಲಿ ಗೂಡನ್ನು ಕಾಲುಗಳ ಮೇಲೆ ಎತ್ತಿ ಕಟ್ಟಿ, ಅಡಿಗೆ ಪಟ್ಟಿಗಳನ್ನು ಹೊಡೆದು ಹಿಕ್ಕೆ ಕೆಳಗೆ ಬೀಳುವಂತೆ ಮಾಡುತ್ತಾರೆ. ನೆಲದಿಂದೆತ್ತರದ ಗೂಡಿಗೆ ಮುಂಗುಸಿ, ಕಾಡುಬೆಕ್ಕು, ಪುನುಗುಬೆಕ್ಕು, ನರಿಗಳ ಹಾವಳಿ ಕಡಿಮೆ. ಬಾಗಿಲಿಗೆ ಅಗುಳಿ ಹಾಕಲು ಮರೆತ ಒಂದೇ ಇರುಳು ಒಂದು ವರ್ಷದ ಸಾಕಣೆಯನ್ನು ಮುಗಿಸಿಬಿಡಬಲ್ಲದು. ಹಗಲಿನ ಭಯ ಬೇರೆ: ಮರಿಗಳಿಗೆ ಹದ್ದು, ಕಾಗೆ, ಮೊಟ್ಟೆಗೆ ಹಾವು. ಮರಿಗಳನ್ನು ಮೊದಲ ವಾರಗಳಲ್ಲಿ ತಾಯಿಯೊಡನೆ ಬುಟ್ಟಿಯಡಿ ಇರಿಸುವುದೂ, ಅಂಗಳದಂಚಿನಲ್ಲಿ ಅವು ಓಡಿ ಅಡಗಬಲ್ಲ ಪೊದೆಗಳನ್ನು ಕಡಿಯದೆ ಬಿಡುವುದೂ ಈ ಕಾರಣದಿಂದಲೇ.

ತೋಟದ ಕಾವಲು ಋತುವಿನೊಡನೆ ಬದಲಾಗುತ್ತಿತ್ತು. ನೇಜಿಗೆ ಬಿತ್ತಿದ ದಿನಗಳಲ್ಲಿ, ಅಂಗಳದಲ್ಲಿ ಬತ್ತ ಒಣಗುವ ದಿನಗಳಲ್ಲಿ, ತರಕಾರಿಯ ಸಸಿಗಳು ಎಳೆಯದಾಗಿರುವ ದಿನಗಳಲ್ಲಿ ಕೋಳಿಗೆ ಬಂಧನ; ಕೊಯ್ಲು ಮುಗಿದ ಗದ್ದೆಯಲ್ಲಿ ಬಿಡುಗಡೆ. ಉಳಿದಂತೆ ಸಸಿಯ ಸಾಲುಗಳ ಮೇಲೆ ಮುಳ್ಳಿನ ಕೊಂಬೆ ಹರಡುವುದು, ಹೆಣೆದ ಮಡಲಿನ ತಟ್ಟಿ ನಿಲ್ಲಿಸುವುದು, ಬೇಲಿ ಹಾರುವ ಕೋಳಿಯ ಒಂದು ಬದಿಯ ರೆಕ್ಕೆಯ ಗರಿಗಳನ್ನು ಕತ್ತರಿಸುವುದು. ಎರಡೂ ಬದಿ ಕತ್ತರಿಸಿದರೆ ಸಮತೋಲ ಉಳಿಯುತ್ತದೆ, ಒಂದೇ ಬದಿ ಕತ್ತರಿಸಿದರೆ ಹಾರಾಟ ವಾಲುತ್ತದೆ ಎಂಬ ಸೂಕ್ಷ್ಮವು ಯಾವ ಕೈಪಿಡಿಯಿಂದಲೂ ಬಂದುದಲ್ಲ.

ಇನ್ನು ಕಾನೂನಿನ ಕಡೆಗೆ ಬರೋಣ. ಕಾಸರಗೋಡು ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಲದಲ್ಲಿ ಬಂದ 1871ರ ಜಾನುವಾರು ಅತಿಕ್ರಮಣ ಕಾಯಿದೆಯು ಪರರ ಬೆಳೆಗೆ ನುಗ್ಗಿದ ಪ್ರಾಣಿಗಳನ್ನು ಹಿಡಿದು ದೊಡ್ಡಿಗೆ ಸೇರಿಸುವ, ದಂಡ ತೆತ್ತು ಬಿಡಿಸಿಕೊಳ್ಳುವ ಕ್ರಮವನ್ನು ವಿಧಿಸಿತು. ಮರಾಠಿ ಸೀಮೆಯ ಕೊಂಡವಾಡ, ತೆಲುಗು ಸೀಮೆಯ ಬಂದೆಲದೊಡ್ಡಿ ಇದೇ ವ್ಯವಸ್ಥೆಯ ಹೆಸರುಗಳು. ಈ ಕಾಯಿದೆಯ 3ನೆಯ ಕಲಮಿನಲ್ಲಿ ಜಾನುವಾರು ಎಂಬ ಪದದ ವ್ಯಾಪ್ತಿ ದೊಡ್ಡದು: ಆನೆ, ಒಂಟೆ, ಎಮ್ಮೆ, ಕುದುರೆ, ಹೇಸರಗತ್ತೆ, ಕತ್ತೆ, ಹಂದಿ, ಕುರಿ, ಆಡು, ಅವುಗಳ ಮರಿಗಳವರೆಗೂ ಪಟ್ಟಿ ಸಾಗುತ್ತದೆ. ಕೋಳಿಯ ಹೆಸರು ಅಲ್ಲಿಲ್ಲ. ಕಾರಣವನ್ನು ಊಹಿಸುವುದು ಕಷ್ಟವಲ್ಲ: ಕೋಳಿಯನ್ನು ದೊಡ್ಡಿಗೆ ಅಟ್ಟಿಕೊಂಡು ಹೋಗಲಾಗದು, ದೊಡ್ಡಿಯ ಗೋಡೆ ಅದನ್ನು ತಡೆಯದು, ಮೇವಿನ ಖರ್ಚೂ ದಂಡವೂ ಕೂಡಿದರೆ ಕೋಳಿಯ ಬೆಲೆಯನ್ನೇ ಮೀರಬಹುದು.

ಕೋಳಿಯನ್ನು ಕೊಂದವನ ವಿಷಯದಲ್ಲಿಯೂ ಇದೇ ಅಲಕ್ಷ್ಯ ಕಾಣುತ್ತದೆ. 1860ರ ಭಾರತ ದಂಡಸಂಹಿತೆಯ 428ನೆಯ ಕಲಮು ಹತ್ತು ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಬೆಲೆಯ ಪ್ರಾಣಿಯನ್ನು ಕೊಲ್ಲುವುದನ್ನು ಪ್ರತ್ಯೇಕ ಅಪರಾಧವೆಂದು ಎಣಿಸಿತು. ಆಣೆಗಳಲ್ಲಿ ಬೆಲೆಯಾಗುತ್ತಿದ್ದ ಕೋಳಿಗೆ ಆ ಮೆಟ್ಟಿಲು ಎಟುಕುವಂತಿರಲಿಲ್ಲ; ಅದರ ಸಾವು ಹೆಚ್ಚೆಂದರೆ ಸಾಮಾನ್ಯ ಆಸ್ತಿನಷ್ಟವಾಗಿತ್ತು. ಮುಂದೆ ಕೋಳಿಯನ್ನು ಈ ಕಲಮಿನ ಒಳಗೆ ತಂದುದು ಶಾಸಕರ ಕರುಣೆಯಲ್ಲ, ಬೆಲೆಯೇರಿಕೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 325ನೆಯ ಕಲಮು ಈ ಬೆಲೆಯ ಮಿತಿಯನ್ನೇ ಕೈಬಿಟ್ಟಿದೆ.

ಕಾನೂನು ಹೀಗೆ ಬಿಟ್ಟುಕೊಟ್ಟ ಎಡೆಯಲ್ಲಿ ಸಂಬಂಧಗಳು ಕೆಲಸ ಮಾಡುತ್ತಿದ್ದವು. ಆ ಸಂಬಂಧಗಳು ಸಮಾನರ ನಡುವಿನವು ಮಾತ್ರ ಆಗಿರಲಿಲ್ಲ ಎಂಬುದನ್ನು ಮರೆಯುವಂತಿಲ್ಲ. ಮೂಲಗೇಣಿ, ಚಾಲಗೇಣಿಗಳ ಕಾಲದಲ್ಲಿ ಒಕ್ಕಲಿನವರು ಗೇಣಿಯ ಜೊತೆಗೆ ಬುಳೆಕಾಣಿಕೆಯನ್ನೂ ಒಪ್ಪಿಸುತ್ತಿದ್ದ ನಾಡಿದು. ಕೋಳಿ ಸಾಕದ ಬ್ರಾಹ್ಮಣ ಧಣಿಗಳ ತೋಟದಂಚಿನಲ್ಲಿ ಕೋಳಿ ಸಾಕುವ ಒಕ್ಕಲುಗಳ ಬಿಡಾರಗಳಿದ್ದವು. ಹಿತ್ತಿಲ ಕೋಳಿಯು ಕಾಲಿಟ್ಟ ನೆಲವೆಲ್ಲ ಇನ್ನೊಬ್ಬರದೇ ಆಗಿದ್ದಾಗ ಅದರ ಅಲೆದಾಟವು ಧಣಿಯ ಸೈರಣೆಯ ಅಳತೆಯೂ ಆಗಿತ್ತು. ಬೇಲಿ ಹಾಕುವ ಹಕ್ಕು ಇಲ್ಲದವರಿಗೆ ಉಳಿದ ಸಾಧನಗಳು ಗೂಡು, ಬುಟ್ಟಿ, ದಾರ ಮತ್ತು ಕರೆಯುವ ದನಿ.

ಈ ಸ್ಥಿತಿ ಮಾರ್ಪಟ್ಟುದು ಕೇರಳದ ಭೂಸುಧಾರಣೆಯಿಂದ. 1963ರ ಕಾಯಿದೆಯು 1969ರಲ್ಲಿ ತಿದ್ದುಪಡಿಯಾಗಿ 1970ರ ಜನವರಿ 1ರಿಂದ ಪರಿಣಾಮಕಾರಿಯಾದಾಗ, ಪರರ ನೆಲದಲ್ಲಿ ಗುಡಿಸಲು ಕಟ್ಟಿಕೊಂಡಿದ್ದ ಕುಡಿಕಿಡಪ್ಪುಕಾರರಿಗೆ ಪಂಚಾಯತು ಪ್ರದೇಶದಲ್ಲಿ 10 ಸೆಂಟ್ಸ್‌ವರೆಗೆ ನೆಲವನ್ನು ಕೊಳ್ಳುವ ಹಕ್ಕು ದೊರೆಯಿತು. ಕಾಸರಗೋಡಿನ ಕನ್ನಡ, ತುಳು ಮನೆಗಳಿಗೆ ಇದು ಮಲಯಾಳದ ಒಂದು ಶಬ್ದದ ಮೂಲಕ ಬಂದ ಸ್ವಾತಂತ್ರ್ಯ. 10 ಸೆಂಟ್ಸ್ ಎಂದರೆ 4,356 ಚದರಡಿ. ಮೇಯುವ ಹೇಂಟೆಯೊಂದು ಅರ್ಧ ದಿನದಲ್ಲಿ ಅಳೆದು ಮುಗಿಸುವ ನೆಲ. ಧಣಿಯ ತೋಟದಲ್ಲಿ ಅಲೆಯುತ್ತಿದ್ದ ಕೋಳಿ ಈಗ ಸ್ವಂತ ನೆಲದ ಕೋಳಿಯಾಯಿತು, ಹಾಗೆಯೇ ನೆರೆಯವನ ನೆಲದ ಅತಿಕ್ರಮಿಯೂ ಆಯಿತು. ದಾಸವಾಳದ ಜೀವಂತ ಬೇಲಿ, ಕೆಂಪುಕಲ್ಲಿನ ಪಾಗಾರ, ಅನಂತರ ತಂತಿಯ ಬಲೆ ಇವೆಲ್ಲ ಈ ಹೊಸ ಒಡೆತನದ ಗುರುತುಗಳಾಗಿ ಓದಿಸಿಕೊಳ್ಳುತ್ತವೆ. ಕಾವಲಿನ ಕೆಲಸವು ರೂಢಿಯಿಂದ ವಸ್ತುವಿಗೆ, ದನಿಯಿಂದ ತಂತಿಗೆ ಸರಿಯಿತು.

ತಳಿಯೂ ಬದಲಾಯಿತು. ಬೆಂಗಳೂರಿನ ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ, ಮಣ್ಣುತ್ತಿಯಲ್ಲಿ ರೂಪುಗೊಂಡ ಗ್ರಾಮಲಕ್ಷ್ಮಿ ಹಿತ್ತಿಲಿಗೆ ಬಂದವು. ಭಾರದ ತಳಿಯು ಮರವೇರದು, ಬೇಲಿ ಹಾರದು. ನರಿಗೂ ನಾಯಿಗೂ ಅಷ್ಟೇ ಸುಲಭವಾಗಿ ಸಿಕ್ಕಿಬೀಳುತ್ತದೆ. ಊರಕೋಳಿಯು ತನ್ನನ್ನು ತಾನು ಕಾದುಕೊಳ್ಳುತ್ತಿದ್ದ ಭಾಗವನ್ನು ಈಗ ಮನೆಯವರೇ ಹೊರಬೇಕಾಗಿದೆ. ಇದರ ಮೇಲೆ ಹಕ್ಕಿಜ್ವರ. 2014ರಲ್ಲಿ ಆಲಪ್ಪುಳ, ಕೋಟ್ಟಯಂಗಳಲ್ಲಿಯೂ 2020ರಲ್ಲಿ ಕೋಳಿಕ್ಕೋಡಿನಲ್ಲಿಯೂ ಅದು ಕಾಣಿಸಿಕೊಂಡಾಗ, ರೋಗ ಪತ್ತೆಯಾದ ಸ್ಥಳದ ಒಂದು ಕಿಲೋಮೀಟರ್ ತ್ರಿಜ್ಯದೊಳಗಿನ ಹಕ್ಕಿಗಳನ್ನು ಕೊಲ್ಲುವ ನಿಯಮವು ಸಾಕಣೆ ಕೇಂದ್ರಕ್ಕೂ ಹಿತ್ತಿಲಿಗೂ ಭೇದ ಮಾಡಲಿಲ್ಲ. 1871ರಲ್ಲಿ ಕೋಳಿಯನ್ನು ಕಾಣದ ಪ್ರಭುತ್ವವು ಈಗ ಅದನ್ನು ಕಂಡಿದೆ, ಆದರೆ ರೋಗವಾಹಕವಾಗಿ ಕಂಡಿದೆ.

ಹಿತ್ತಿಲ ಕೋಳಿಯೂ ಅದರ ಮೊಟ್ಟೆಯ ಹಣವೂ ಬಹಳ ಮನೆಗಳಲ್ಲಿ ಹೆಂಗಸರ ಕೈಯಲ್ಲಿದ್ದ ಸಂಪತ್ತು. ಗೂಡಿಗೆ ಕರೆಯುವ ದನಿ, ಮರಿಗಳ ವಯಸ್ಸನ್ನು ಹೇಳುವ ಮಾತು, ನೆರೆಮನೆಯವಳೊಡನೆ ಕೋಳಿಯ ತಂಟೆಯನ್ನು ಎರಡು ಮೂರು ಭಾಷೆಗಳಲ್ಲಿ ತೀರಿಸಿಕೊಳ್ಳುವ ಜಾಣ್ಮೆ ಅವರಲ್ಲಿಯೇ ಬೆಳೆದುವು. ಶಾಲೆಯ ಮಾಧ್ಯಮ ಬದಲಾದಾಗ ದೂರು ದಾಖಲಾಗುತ್ತದೆ. ಗೂಡು ಖಾಲಿಯಾದಾಗ ಅದರೊಡನೆ ಹೋದ ಮಾತುಗಳಿಗೆ ದಾಖಲೆ ಹುಟ್ಟುವುದಿಲ್ಲ. ನಮ್ಮ ಕ್ಷೇತ್ರಕಾರ್ಯದ ಪ್ರಶ್ನಾವಳಿಯಲ್ಲಿ ಮಾತೃಭಾಷೆ, ಮಾಧ್ಯಮ, ಅರ್ಜಿಯ ಭಾಷೆಗಳ ಜೊತೆಗೆ ಇನ್ನೊಂದು ಪ್ರಶ್ನೆಗೂ ಸ್ಥಳವಿರಲಿ: ಸಂಜೆ ನಿಮ್ಮ ಮನೆಯಲ್ಲಿ ಕೋಳಿಯನ್ನು ಏನೆಂದು ಕರೆಯುತ್ತಿದ್ದರು? ಅದನ್ನು ಬಲ್ಲವರು ಇನ್ನೂ ಇರುವಾಗಲೇ ಕೇಳಬೇಕಾದ ಪ್ರಶ್ನೆಯಿದು.