ಪಂಚನಖವಾದ ಶಶವೂ ಅದರ ವರ್ಗವೂ

ಸೇಡಂ, ಚಿಂಚೋಳಿಗಳ ಕುರುಚಲು ನೆಲದ ಮೊಲವನ್ನು ಪ್ರಾಚೀನರು ಪಂಚನಖವೆಂದರು. ಶಹಾಬಾದಿನ ಬಳಿಯ ಮರತೂರಿನವನೆಂದು ಪ್ರಸಿದ್ಧನಾದ ವಿಜ್ಞಾನೇಶ್ವರನು ವ್ಯಾಖ್ಯಾನಿಸಿದ ಯಾಜ್ಞವಲ್ಕ್ಯಸ್ಮೃತಿಯು ಭಕ್ಷ್ಯವಾದ ಐದು ಪಂಚನಖಗಳಲ್ಲಿ ಉಡ, ಆಮೆಗಳೊಡನೆ ಶಶವನ್ನೂ ಎಣಿಸುವುದು. ಅದಕ್ಕೆ ಮುಂಗಾಲಿನಲ್ಲಿ ಐದು ಬೆರಳುಂಟು, ಹಿಂಗಾಲಿನಲ್ಲಾದರೋ ನಾಲ್ಕೇ. ಸ್ಮೃತಿಗೆ ಬೇಕಾದುದು ಆಹಾರನಿಯಮ, ಪ್ರಾಣಿಶಾಸ್ತ್ರವಲ್ಲ. ಲಿನ್ನೇಯಸನೂ 1758ರಲ್ಲಿ ಇದನ್ನು ಇಲಿಗಳ ಗಣದಲ್ಲೇ ಇರಿಸಿದ್ದನು. ಮೇಲಿನ ಬಾಚಿಹಲ್ಲುಗಳ ಹಿಂದೆ ಮತ್ತೊಂದು ಕಿರುಜೋಡಿ ಅಡಗಿರುವುದೇ ಮೊದಲಾದ ಲಕ್ಷಣಗಳಿಂದ ಇದು ಪ್ರತ್ಯೇಕ ಗಣವೆಂದು 1912ರಲ್ಲಿ ಗಿಡ್ಲೆಯು ವಾದಿಸಿದನು.

ನಮ್ಮ ಮೊಲವು 1823ರಲ್ಲಿ ಫ್ರೆಡರಿಕ್ ಕ್ಯೂವಿಯೇ ಹೆಸರಿಸಿದ ಲೀಪಸ್ ನೈಗ್ರಿಕಾಲಿಸ್. ಇದರ ಮರಿಗಳು ಕಣ್ದೆರೆದು, ರೋಮಸಹಿತವಾಗಿ ಹುಟ್ಟುವುವು. ಅಮೆರಿಕೆಯ ಹತ್ತಿಬಾಲದ ಮೊಲವು ಸಿಲ್ವಿಲಾಗಸ್ ಕುಲದ್ದು. ಅದರ ಮರಿಗಳು ಕುರುಡಾಗಿ, ಬತ್ತಲೆಯಾಗಿ ಹುಟ್ಟುವುವು. ಎರಡನ್ನೂ ಬರಿದೆ ಮೊಲವೆಂದು ಕಲಿಸುವುದು ಸರಿಯಲ್ಲ. ಆ ಅಚ್ಚಗನ್ನಡ ಪದವು ಸೇಡಂ ಸೀಮೆಯ ಪ್ರಾಣಿಗೇ ಉಳಿಯಲಿ. ಪರದೇಶದ್ದಕ್ಕೆ ವಿಶೇಷಣ ಸೇರಲಿ.