ಆವಿ, ಬಾಷ್ಪ, ಅನಿಲ: ನೀರಿನ ಅವಸ್ಥಾಂತರದ ಪಾಠ ಮತ್ತು ಕನ್ನಡ ಪರಿಭಾಷೆಯ ಚರಿತ್ರೆ

ಪ್ರಾಥಮಿಕ ಶಾಲೆಯ ವಿಜ್ಞಾನಪಾಠಗಳಲ್ಲಿ ನೀರಿನ ಮೂರು ಅವಸ್ಥೆಗಳ ಪಾಠವು ಅತ್ಯಂತ ಸುಲಭವಾದುದೆಂದು ಹೆಸರಾಗಿದೆ. ಒಂದು ಪಾತ್ರೆ, ಒಂದು ಒಲೆ, ಒಂದಿಷ್ಟು ಮಂಜುಗಡ್ಡೆ ಇದ್ದರೆ ಪಾಠ ಮುಗಿಯಿತು ಎಂಬ ನಂಬಿಕೆ ಅಧ್ಯಾಪಕರಲ್ಲಿಯೂ ಪಠ್ಯರಚಕರಲ್ಲಿಯೂ ಉಂಟು. ಭಾಷಾವಿಜ್ಞಾನದ ದೃಷ್ಟಿಯಿಂದ ನೋಡಿದಾಗ ಈ ಸೌಲಭ್ಯ ಉಳಿಯುವುದಿಲ್ಲ. ಮಗು ಶಾಲೆಗೆ ಬರುವ ಮೊದಲೇ ನೀರಿನ ಪರಿವರ್ತನೆಗಳಿಗೆ ಹತ್ತಾರು ಪದಗಳನ್ನು ಮನೆಯಿಂದ ಕಲಿತಿರುತ್ತದೆ. ಪಠ್ಯಪುಸ್ತಕವು ಅವುಗಳ ಮೇಲೆ ಇನ್ನೊಂದು ಪದಾವಳಿಯನ್ನು ಹೊದಿಸುತ್ತದೆ. ಈ ಎರಡು ಪದಾವಳಿಗಳು ಯಾವ ಮೂಲಗಳಿಂದ ಬಂದವು, ಎಲ್ಲಿ ಕೂಡುತ್ತವೆ, ಎಲ್ಲಿ ಘರ್ಷಿಸುತ್ತವೆ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಿದ್ದೇವೆ. ಸಂಸ್ಕೃತಜನ್ಯ ಪರಿಭಾಷೆಯೇ ಮಕ್ಕಳಿಗೆ ತೊಡಕು, ದೇಶ್ಯಪದಗಳನ್ನು ತಂದರೆ ತೊಡಕು ನೀಗುತ್ತದೆ ಎಂಬ ಅಭಿಪ್ರಾಯ ಬಹುಕಾಲ ನಮ್ಮದೂ ಆಗಿತ್ತು. ಸಾಮಗ್ರಿಯನ್ನು ಹತ್ತಿರದಿಂದ ನೋಡಿದ ಮೇಲೆ ಅದನ್ನು ಹಾಗೆಯೇ ಉಳಿಸಿಕೊಳ್ಳಲು ನಮಗೆ ಸಾಧ್ಯವಾಗಿಲ್ಲ.

ಮೊದಲು ನಾಮಪದಗಳನ್ನು ನೋಡಬಹುದು. ಘನ, ದ್ರವ, ಅನಿಲ ಎಂಬ ತ್ರಿಕವು ಇಂದು ಕನ್ನಡದಲ್ಲಿ ಅಚಲವಾಗಿ ನಿಂತಿದೆ. ನೆರೆಯ ಭಾಷೆಗಳಲ್ಲಿ ಈ ಆಯ್ಕೆ ಬೇರೆಯಾಗಿದೆ. ತೆಲುಗಿನಲ್ಲಿ ಘನ, ದ್ರವ, ವಾಯು; ತಮಿಳಿನಲ್ಲಿ ತಿಡ, ತಿರವ, ವಾಯು. ಸಂವಿಧಾನದ 351ನೆಯ ವಿಧಿಯ ಪ್ರಕಾರ ಮುಖ್ಯವಾಗಿ ಸಂಸ್ಕೃತದಿಂದ ಪದಸಂಪತ್ತನ್ನು ಪಡೆಯಬೇಕಾದ ಹಿಂದಿಯಲ್ಲಿ ಠೋಸ್, ದ್ರವ್, ಗೈಸ್ ಎಂಬ ಪದಗಳು ನೆಲೆಗೊಂಡಿವೆ, ಎಂದರೆ ಒಂದು ದೇಶ್ಯ, ಒಂದು ಸಂಸ್ಕೃತ, ಒಂದು ಯೂರೋಪೀಯ. ಅಂಥ ಕಟ್ಟುಪಾಡಿಲ್ಲದ ಕನ್ನಡವು ಮೂರನ್ನೂ ಸಂಸ್ಕೃತದಿಂದಲೇ ಪಡೆಯಿತು.

ಪಡೆದ ಪದಗಳು ಬರಿಗೈಯಲ್ಲಿ ಬರಲಿಲ್ಲ. 'ದ್ರವ'ದ ಹಿಂದೆ ಓಡು, ಹರಿ ಎಂಬರ್ಥದ 'ದ್ರು' ಧಾತುವಿದೆ. ಅದರ ಜೊತೆಗೆ ವೈಶೇಷಿಕ ದರ್ಶನದ ದೀರ್ಘವಾದ ಚರ್ಚೆಯೂ ಇದೆ. ಆ ದರ್ಶನದಲ್ಲಿ ದ್ರವತ್ವವು ಒಂದು ಗುಣ. ನೀರಿಗೆ ಅದು ಸಹಜ. ತುಪ್ಪ, ಅರಗು, ಮೇಣ ಮೊದಲಾದ ಪಾರ್ಥಿವ ವಸ್ತುಗಳಿಗೂ ಚಿನ್ನ, ಬೆಳ್ಳಿ, ತವರಗಳಿಗೂ ಅಗ್ನಿಸಂಯೋಗದಿಂದ ಉಂಟಾಗುವ ನೈಮಿತ್ತಿಕ ಗುಣ. ಹಾಗಾದರೆ ಆಲಿಕಲ್ಲು ಗಟ್ಟಿಯಾಗಿರುವುದೇಕೆ ಎಂಬ ಪ್ರಶ್ನೆ ಆ ದಾರ್ಶನಿಕರಿಗೆ ತಪ್ಪಲಿಲ್ಲ. ನೀರು ಕೂಡಿ ಗಟ್ಟಿಯಾಗುವುದೂ ಕರಗುವುದೂ ತೇಜಸ್ಸಿನ ಸಂಯೋಗದಿಂದಲೇ ಎಂದು ಸೂತ್ರಕಾರನು ಹೇಳಿದರೆ, ದಿವ್ಯತೇಜಸ್ಸಿನ ಸಂಯೋಗವು ನೀರಿನ ಸಹಜ ದ್ರವತ್ವವನ್ನು ತಡೆಹಿಡಿಯುತ್ತದೆ ಎಂದು ಪ್ರಶಸ್ತಪಾದನು ವಿವರಿಸಿದನು. ಇಲ್ಲಿ ಮಂಜುಗಡ್ಡೆಯೆಂದರೆ ತನ್ನ ಸ್ವಭಾವಕ್ಕೆ ಅಡ್ಡಿಯಾದ ನೀರು. ಆಧುನಿಕ ಭೌತವಿಜ್ಞಾನದಲ್ಲಿ ನೀರಿಗೆ ಅಂಥ ಸಹಜ ಅವಸ್ಥೆಯೆಂಬುದಿಲ್ಲ. ಉಷ್ಣತೆ ಮತ್ತು ಒತ್ತಡಗಳಿಗೆ ತಕ್ಕಂತೆ ಮೂರೂ ಸಮಾನವಾಗಿ ನೀರೇ. ಗುಣವಾಚಕವಾಗಿದ್ದ ಪದವು ಅವಸ್ಥಾವಾಚಕವಾದದ್ದು ನಮ್ಮ ಪರಿಭಾಷೆಯ ಚರಿತ್ರೆಯಲ್ಲಿ ಒಂದು ದೊಡ್ಡ ಅರ್ಥಪಲ್ಲಟ. ಆದರೂ ಹಳೆಯ ಅರ್ಥ ಪೂರ್ತಿ ಅಳಿದಿಲ್ಲ. 'ಮಂಜುಗಡ್ಡೆ ನೀರಾಯಿತು' ಎನ್ನುವ ಮಗು, ನಾವೂ ಸಹ, ಮಂಜುಗಡ್ಡೆ ಇನ್ನೂ ನೀರಲ್ಲ ಎಂಬಂತೆಯೇ ಮಾತನಾಡುತ್ತೇವೆ.

'ಘನ'ದ ಸ್ಥಿತಿ ಇನ್ನೂ ವಿಚಿತ್ರ. ಒತ್ತಾದುದು, ಭಾರವಾದುದು, ಹಿರಿದಾದುದು ಎಂಬ ಅರ್ಥಗಳ ಜೊತೆಗೆ ಕಾವ್ಯದಲ್ಲಿ ಅದಕ್ಕೆ ಮೋಡವೆಂಬ ಅರ್ಥವೂ ಇದೆ. ಗಣಿತದ ಪುಸ್ತಕದಲ್ಲಿ ಅದೇ ಪದ ಘನಮೂಲವಾಗಿ, ಘನಫಲವಾಗಿ ಮಗುವಿಗೆ ಎದುರಾಗುತ್ತದೆ. ಒತ್ತಾದುದು ಎಂಬ ಅರ್ಥವನ್ನೇ ಹಿಡಿದರೂ ಮಂಜುಗಡ್ಡೆಯ ವಿಷಯದಲ್ಲಿ ಅದು ಹೊಂದುವುದಿಲ್ಲ. ಹೆಪ್ಪುಗಟ್ಟುವಾಗ ನೀರಿನ ಗಾತ್ರ ಸುಮಾರು ಶೇಕಡಾ 9ರಷ್ಟು ಹೆಚ್ಚುತ್ತದೆ, ಸಾಂದ್ರತೆ ಕುಗ್ಗುತ್ತದೆ. ಘನವಾದ ನೀರು ದ್ರವವಾದ ನೀರಿನ ಮೇಲೆ ತೇಲುತ್ತದೆ. ಇಷ್ಟಾದರೂ ಈ ಮೂರು ಪದಗಳಿಂದ ಮಕ್ಕಳಿಗೆ ಹಾನಿಯಾಗುತ್ತದೆಂದು ನಾವು ಭಾವಿಸುವುದಿಲ್ಲ. ವ್ಯುತ್ಪತ್ತಿ ಮಗುವಿಗೆ ಕಾಣದಿರುವುದರಿಂದಲೇ ಅವು ಶುದ್ಧ ಸಂಜ್ಞೆಗಳಾಗಿ ಕೆಲಸ ಮಾಡುತ್ತವೆ.

ಈ ಪದಗಳು ನೆಲೆಗೊಂಡ ಬಗೆಯನ್ನು ಇಲ್ಲಿ ಸಂಕ್ಷೇಪವಾಗಿ ನೆನೆದರೆ ಸಾಕು. 1915ರಲ್ಲಿ ಸಾಹಿತ್ಯ ಪರಿಷತ್ತು ಸ್ಥಾಪನೆಯಾದ ಮೂರು ವರ್ಷಗಳಲ್ಲಿ, ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಬೋಧಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ ಸೇರಿ 'ವಿಜ್ಞಾನ' ಮಾಸಪತ್ರಿಕೆಯನ್ನು ಹೊರತಂದರು. ಶಿವರಾಮ ಕಾರಂತರ 'ಬಾಲಪ್ರಪಂಚ' 1930ರ ದಶಕದ್ದು. ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟು 1946ರದು. ತರಗತಿಯಲ್ಲಿ ಇಂಗ್ಲಿಷಿನಲ್ಲಿ ಬೋಧಿಸಿ ಮನೆಗೆ ಬಂದು ಕನ್ನಡದಲ್ಲಿ ಬರೆಯುತ್ತಿದ್ದ ಆ ತಲೆಮಾರಿನವರಿಗೆ ನಾಮಪದವೇ ಮೊದಲ ಚಿಂತೆಯಾಗಿತ್ತೆಂಬುದು ಸಹಜ. ನಿಘಂಟು ಕೇಳುವುದೂ ನಾಮಪದವನ್ನೇ.

ಮಗುವಿನ ತೊಡಕು ಮುಖ್ಯವಾಗಿ ಕ್ರಿಯೆಗಳಲ್ಲಿದೆ. ಬಾಷ್ಪೀಕರಣ, ದ್ರವೀಕರಣ, ಘನೀಕರಣ, ಸಾಂದ್ರೀಕರಣ ಎಂಬ ಸಾಲಿನಲ್ಲಿ ಬರುವ ಈಕಾರವು ಸಂಸ್ಕೃತ ವ್ಯಾಕರಣದ ಚ್ವಿ ಪ್ರತ್ಯಯದ ಗುರುತು. ಮೊದಲು ಹಾಗಿಲ್ಲದುದು ಹಾಗಾಗುವುದು, 'ಅಭೂತತದ್ಭಾವ', ಎಂಬುದೇ ಪಾಣಿನೀಯ ಪರಂಪರೆ ಅದಕ್ಕೆ ಕೊಟ್ಟ ಅರ್ಥ. ಅವಸ್ಥಾಂತರವನ್ನು ಹೇಳಲು ಇದಕ್ಕಿಂತ ತಕ್ಕ ಪ್ರತ್ಯಯ ಮತ್ತೊಂದು ಸಿಗಲಾರದು. ಆದರೆ ಚ್ವಿಯ ಮುಂದೆ 'ಭೂ' ಬರಬಹುದು, 'ಕೃ' ಬರಬಹುದು. ಘನೀಭವನವೆಂದರೆ ತಾನೇ ಘನವಾಗುವುದು, ಘನೀಕರಣವೆಂದರೆ ಬೇರೊಬ್ಬರು ಘನವಾಗಿಸುವುದು. ನಮ್ಮ ಪಠ್ಯಭಾಷೆಯಲ್ಲಿ ಕರಣವು ಭವನವನ್ನು ಬಹುಮಟ್ಟಿಗೆ ನುಂಗಿಹಾಕಿದೆ. ಕೆರೆಯ ನೀರು ಬಿಸಿಲಿಗೆ ಆವಿಯಾಗುವಾಗ ಅಲ್ಲಿ ಕರ್ತೃವಿಲ್ಲ. ಆದರೂ ಅದು ಬಾಷ್ಪೀಕರಣ. ಕರಗು ಮತ್ತು ಕರಗಿಸು, ಕುದಿ ಮತ್ತು ಕುದಿಸು, ಆರು ಮತ್ತು ಆರಿಸು ಎಂಬ ಜೋಡಿಗಳನ್ನು ನಾಲ್ಕು ವರ್ಷದ ಮಗುವೂ ತಪ್ಪದೆ ಬಳಸುವ ಭಾಷೆಯಲ್ಲಿ, ಶಾಸ್ತ್ರೀಯ ಪದವು ಈ ಭೇದವನ್ನು ಅಳಿಸಿಹಾಕಿರುವುದು ವಿಷಾದನೀಯ.

'ಬಾಷ್ಪ'ದ ಬಗ್ಗೆ ಒಂದು ಮಾತು. ಕಣ್ಣೀರು ಎಂಬ ಅರ್ಥದಲ್ಲಿಯೇ ಅದು ಕನ್ನಡಿಗರಿಗೆ ಪರಿಚಿತ. ಆನಂದಬಾಷ್ಪವನ್ನು ಬಲ್ಲವರು ಬಾಷ್ಪೀಕರಣವನ್ನು ಕಂಡು ಅಳಬೇಕೋ ನಗಬೇಕೋ ತಿಳಿಯದು. ಅದನ್ನು 'ಭಾಷ್ಪ' ಎಂದು ಮಹಾಪ್ರಾಣದೊಡನೆ ಬರೆಯುವ ರೂಢಿ ಮುದ್ರಿತ ಪುಸ್ತಕಗಳಲ್ಲಿಯೂ ಕಾಣುವುದು ಪದದ ಅಪರಿಚಿತತೆಗೆ ಸಾಕ್ಷಿ. ಇದನ್ನು ತಪ್ಪಿಸಲೆಂದು ಬಂದ 'ಆವೀಕರಣ'ದಲ್ಲಿ ದ್ರಾವಿಡ ಪ್ರಕೃತಿಗೆ ಸಂಸ್ಕೃತ ಪ್ರತ್ಯಯ ಹತ್ತಿದೆ. ಇದು ಸಮಾಸವಲ್ಲದ ಕಾರಣ ಅರಿಸಮಾಸದ ಲಕ್ಷಣ ನೇರವಾಗಿ ತಗುಲದು. ಆದರೂ ಕೇಶಿರಾಜನು ಒಪ್ಪುತ್ತಿರಲಿಲ್ಲವೆಂಬುದರಲ್ಲಿ ಸಂದೇಹವಿಲ್ಲ. ನಮಗೆ ಆಕ್ಷೇಪವಿರುವುದು ಬೆರಕೆಗಲ್ಲ, ಅಲ್ಲಿಯೂ ನುಸುಳಿದ ಕರಣಕ್ಕೆ. 'ಆವಿಯಾಗುವಿಕೆ' ಎಂಬ ರೂಪ ಉದ್ದವಾದರೂ ನಿಜ ಹೇಳುತ್ತದೆ.

ಹಾಗೆಂದು ದೇಶ್ಯಪದಗಳೆಲ್ಲ ನಿರಪಾಯಕಾರಿಗಳಲ್ಲ. ನಮ್ಮ ಹಿಂದಿನ ಅಭಿಪ್ರಾಯ ಸಡಿಲವಾದದ್ದು ಇಲ್ಲಿಯೇ. ಹಾಲು ಹೆಪ್ಪಾಗುವುದಕ್ಕೂ ನೀರು ಗಟ್ಟಿಯಾಗುವುದಕ್ಕೂ ಕನ್ನಡದಲ್ಲಿ 'ಹೆಪ್ಪುಗಟ್ಟು' ಸಲ್ಲುತ್ತದೆ. ತಮಿಳಿನ 'ಉಱೈ' ಕೂಡ ಮೊಸರಿಗೂ ಮಂಜಿಗೂ ಒಂದೇ. ಹೆಪ್ಪಾದ ಹಾಲು ಮತ್ತೆ ಹಾಲಾಗದು, ಹೆಪ್ಪುಗಟ್ಟಿದ ನೀರು ಮತ್ತೆ ನೀರಾಗುತ್ತದೆ. ಹಿಮ್ಮರಳುವ ಬದಲಾವಣೆಯನ್ನು ಕಲಿಸಬೇಕಾದ ಪಾಠಕ್ಕೆ ಹಿಮ್ಮರಳದ ಬದಲಾವಣೆಯ ಪದ ಆಧಾರವಾಗಿದೆ. ಮಂಜುಗಡ್ಡೆಯೂ ಸಕ್ಕರೆಯೂ 'ಕರಗು'ವುದರಿಂದ ದ್ರವೀಭವನಕ್ಕೂ ವಿಲೀನತೆಗೂ ಭೇದವಿಲ್ಲ. ಬಟ್ಟೆ ಆರುವುದು ಒಣಗುವುದು. ಕಾಫಿ ಆರುವುದು ತಣಿಯುವುದು. ಇವೆರಡನ್ನೂ ಒಂದೇ ಧಾತುವಿನಲ್ಲಿ ಇಟ್ಟ ನಮ್ಮ ಹಿರಿಯರು ಮಣ್ಣಿನ ಹೂಜಿಯನ್ನು ಗಮನಿಸಿದ್ದರೋ ಏನೋ: 100 ಡಿಗ್ರಿಯಲ್ಲಿ 1 ಗ್ರಾಂ ನೀರು ಆವಿಯಾಗಲು ಸುಮಾರು 540 ಕ್ಯಾಲೊರಿ ಶಾಖ ಬೇಕು, ಸಾಮಾನ್ಯ ಉಷ್ಣತೆಯಲ್ಲಿ ಇನ್ನೂ ತುಸು ಹೆಚ್ಚು; ಹೂಜಿಯ ಮೈಯಿಂದ ಆರುವ ನೀರು ಒಳಗಿನ ನೀರನ್ನೂ ಆರಿಸುತ್ತದೆ.

'ಇಂಗು' ಇನ್ನೂ ಮುಖ್ಯವಾದುದು. ನೆಲದ ಮೇಲಿನ ನೀರು ಕಾಣೆಯಾದಾಗ 'ಇಂಗಿಹೋಯಿತು' ಎನ್ನುತ್ತೇವೆ, ಅದು ಒಳಕ್ಕೆ ಇಳಿದಿರಲಿ ಮೇಲಕ್ಕೆ ಹೋಗಿರಲಿ. ಇಸ್ರೇಲಿನ ಮಕ್ಕಳಲ್ಲಿ ಆವಿಯಾಗುವಿಕೆಯ ಗ್ರಹಿಕೆಯನ್ನು ಅಭ್ಯಸಿಸಿದ ಬಾರ್ ಮತ್ತು ಗಲಿಲಿ 1994ರಲ್ಲಿ ತೋರಿಸಿದಂತೆ, ನೀರು ಇಲ್ಲವಾಯಿತು ಎಂಬ ಘಟ್ಟದ ಅನಂತರ ನೀರು ನೆಲದೊಳಗೆ ಹೋಯಿತು ಎಂಬ ಘಟ್ಟ ಬರುತ್ತದೆ. ಗಾಳಿಗೆ ಸೇರಿತು ಎಂಬುದು ಬಹಳ ತಡವಾಗಿ. ಹೀಬ್ರೂ ಮಾತಿನ ಪರಿಸರದಲ್ಲಿಯೂ ಈ ಘಟ್ಟ ಕಂಡುಬಂದಿರುವುದರಿಂದ, ತಪ್ಪುಗ್ರಹಿಕೆಗೆ ಕನ್ನಡದ ಕ್ರಿಯಾಪದವೇ ಕಾರಣವೆನ್ನಲು ಬರುವುದಿಲ್ಲ. ಎಲ್ಲೆಡೆಯ ಮಕ್ಕಳಿಗೂ ತೋರುವ ಒಂದು ಊಹೆಗೆ ಕನ್ನಡವು ಸಿದ್ಧಪದವನ್ನು ಒದಗಿಸಿದೆ ಎನ್ನಬಹುದು, ಅಷ್ಟೆ.

ಆವಿ, ಹಬೆ, ಉಗಿ ಎಂಬ ಮೂರೂ ಕಣ್ಣಿಗೆ ಕಾಣುವ ವಸ್ತುವಿನ ಹೆಸರುಗಳು. ಇಡ್ಲಿಯ ಪಾತ್ರೆಯಿಂದ ಏಳುವುದು ಹಬೆ, ಬಂಡಿಯನ್ನು ಎಳೆದದ್ದು ಉಗಿ. ತಮಿಳಿನ 'ಆವಿ'ಗೆ ಉಸಿರು, ಪ್ರಾಣ ಎಂಬ ಅರ್ಥಗಳೂ ಇವೆ. ಕಾಣುವ ಆ ಬಿಳುಪು ಭೌತವಿಜ್ಞಾನದ ಆವಿಯಲ್ಲ. ಆಗಲೇ ತಣಿದು ಹನಿಯಾದ ನೀರು. ನಿಜವಾದ ಆವಿ ಕೆಟಲಿನ ಮೂತಿಗೂ ಬಿಳುಪಿಗೂ ನಡುವಣ ಬರಿದಾದ ಎಡೆಯಲ್ಲಿದೆ. ಅಧ್ಯಾಪಕರು ಬಿಳುಪನ್ನು ತೋರಿಸಿ 'ಇದೇ ಅನಿಲಾವಸ್ಥೆ' ಎಂದಾಗ ಪದವೂ ಬೆರಳೂ ಒಟ್ಟಿಗೆ ತಪ್ಪುತ್ತವೆ. ನ್ಯೂಜಿಲೆಂಡಿನ 8ರಿಂದ 17 ವರ್ಷದ ಮಕ್ಕಳನ್ನು ಕುರಿತು ಆಸ್ಬರ್ನ್ ಮತ್ತು ಕಾಸ್‌ಗ್ರೋವ್ 1983ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕುದಿಯುವ ನೀರಿನ ಗುಳ್ಳೆಗಳಲ್ಲಿ ಗಾಳಿಯಿದೆ, ಶಾಖವಿದೆ, ಆಮ್ಲಜನಕ ಮತ್ತು ಜಲಜನಕಗಳಿವೆ ಎಂಬ ಉತ್ತರಗಳು ದೊರೆತವು. ಕೊನೆಯ ಉತ್ತರ ಪಾಠ ಓದಿದ ಮಗುವಿನದು ಎಂಬುದನ್ನು ಗಮನಿಸಬೇಕು. (ಕುದಿಬಿಂದು 100 ಡಿಗ್ರಿ ಎಂದು ಬಾಯಿಪಾಠ ಮಾಡುವ ಬೆಂಗಳೂರಿನ ಮಗುವಿನ ಮನೆಯಲ್ಲಿ, ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲೆ, ನೀರು ಕುದಿಯುವುದು ಸುಮಾರು 97 ಡಿಗ್ರಿಯಲ್ಲಿ.)

ಘನಾವಸ್ಥೆಯ ನೀರು ಕನ್ನಡನಾಡಿನ ಹಳ್ಳಿಗೆ ನಿಸರ್ಗದಿಂದ ಬರುತ್ತಿದ್ದುದು ಬೇಸಿಗೆಯ ಮಳೆಯ ಆಲಿಕಲ್ಲಾಗಿ ಮಾತ್ರ. ಕೆಲವೆಡೆ ಅದು ಆಣೆಕಲ್ಲು. ಎರಡರಲ್ಲಿಯೂ ಅದು ಕಲ್ಲೇ ಹೊರತು ನೀರಲ್ಲ. 1833ರಲ್ಲಿ ಬಾಸ್ಟನ್ನಿನಿಂದ ಹಡಗಿನಲ್ಲಿ ಕಲ್ಕತ್ತೆಗೆ ಮಂಜುಗಡ್ಡೆ ಬಂತು. ಮದರಾಸಿನ ಕಡಲತೀರದ ಐಸ್‌ಹೌಸ್ 1842ರದು. ಹೀಗೆ ಮಾರುಕಟ್ಟೆಯ ಸರಕಾದ ಮೇಲೆ ಅದಕ್ಕೊಂದು ದಿನಬಳಕೆಯ ಹೆಸರು ಬೇಕಾಯಿತು. ಮಂಜುಗಡ್ಡೆ, ತೆಲುಗಿನ ಮಂಚುಗಡ್ಡ, ತಮಿಳಿನ ಪನಿಕ್ಕಟ್ಟಿ ಮೂರರಲ್ಲಿಯೂ ಮಂಜು ಗಂಟಾಗಿದೆ, ನೀರು ಗಂಟಾಗಿಲ್ಲ. ಆದರೂ ಮಗುವಿನ ಬಾಯಲ್ಲಿ ಇರುವುದು 'ಐಸು'. ಅದಕ್ಕೆ ಯಾವ ವ್ಯುತ್ಪತ್ತಿಯ ಹೊರೆಯೂ ಇಲ್ಲ.

ಉಳಿದದ್ದು ತಣ್ಣನೆಯ ಲೋಟದ ಹೊರಮೈಯ ನೀರು. ಇದಕ್ಕೆ ಮನೆಮಾತಿನಲ್ಲಿ ಸಿಗುವುದು 'ಬೆವರು'. ಬೆವರು ಒಳಗಿನಿಂದ ಬರುವಂಥದು. ಲೋಟದ ಗೋಡೆಯ ಮೂಲಕ ನೀರು ಹೊರಬಂತು ಎಂದು ನ್ಯೂಜಿಲೆಂಡಿನ ಮಕ್ಕಳೂ ಹೇಳಿದ್ದರು. 'ಸಾಂದ್ರೀಕರಣ'ವು ಮೂಲವನ್ನೇ ಹೇಳುವುದಿಲ್ಲ, ಜೊತೆಗೆ ಸಾಂದ್ರತೆಯ ಪಾಠದೊಡನೆ ತೊಡರಿಕೊಳ್ಳುತ್ತದೆ. 'ಹನಿಗಟ್ಟು' ಎಂಬ ಕ್ರಿಯಾಪದ ನಮ್ಮಲ್ಲಿದೆ. ಅದರ ಹಳೆಯ 'ಪನಿ' ಇಬ್ಬನಿಯಲ್ಲಿ ಈಗಲೂ ಉಳಿದಿದೆ. ಹುಲ್ಲಿನ ಮೇಲಿನ ಇಬ್ಬನಿ ಹುಲ್ಲಿನ ಒಳಗಿನಿಂದ ಬಂತೆಂದು ಯಾರೂ ಹೇಳುವುದಿಲ್ಲ. ಐದನೆಯ ತರಗತಿಯವರೆಗೆ 'ಗಾಳಿಯ ಆವಿ ಲೋಟದ ಮೇಲೆ ಹನಿಗಟ್ಟಿತು' ಎಂಬ ವಾಕ್ಯವನ್ನೇ ಬಳಸಿ, ಸಾಂದ್ರೀಕರಣವನ್ನು ಪ್ರೌಢಶಾಲೆಗೆ ಬಿಡಬಹುದೆಂಬುದು ನಮ್ಮ ಸಲಹೆ. ಈ ವಾಕ್ಯದ ಕರ್ತೃಪದ ಲೋಟವಲ್ಲ, ಆವಿ.